ಮಾರ್ಗ ತುಂಡರಿಸುವ ಮೊದಲು ಟಿಕೆಟ್ ಜೋಡಿಸಬೇಕಲ್ಲವೇ? ಬಸ್ ಹಂಚಿಕೆ, ಮಾರ್ಗ ಬದಲಾವಣೆ ಮತ್ತು ದರ ವಲಯಗಳ ಬಗ್ಗೆ ಚರ್ಚೆ

ನಿತ್ಯ ಪ್ರಯಾಣಿಕ (ಚರ್ಚೆ ಆರಂಭಿಸಿದವರು)

ಹನ್ನೊಂದು ವರ್ಷಗಳಿಂದ ನಾನು ಒಂದೇ ಮಾರ್ಗದ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಮನೆಯ ಬಳಿ ಹತ್ತಿದರೆ ನೇರವಾಗಿ ನಗರದ ನಡುವಿನ ನಿಲ್ದಾಣದಲ್ಲಿ ಇಳಿಯುತ್ತಿದ್ದೆ. ಕಳೆದ ತಿಂಗಳು ಆ ಮಾರ್ಗವನ್ನು ಎರಡು ತುಂಡು ಮಾಡಿದರು. ಬಡಾವಣೆಯಿಂದ ಮುಖ್ಯರಸ್ತೆಯ ಕೂಡು ನಿಲ್ದಾಣದವರೆಗೆ ಒಂದು ಚಿಕ್ಕ ಬಸ್ಸು, ಅಲ್ಲಿಂದ ಮುಂದೆ ದೊಡ್ಡ ಬಸ್ಸು. ಬಸ್ಸುಗಳ ಸಂಖ್ಯೆ ಕಡಿಮೆಯಾಗಿಲ್ಲ, ಬಡಾವಣೆಗೆ ಬರುವ ಟ್ರಿಪ್‌ಗಳು ಹೆಚ್ಚಾಗಿವೆ ಎಂದು ಪ್ರಕಟಣೆಯಲ್ಲಿ ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿದೆ, ಅದು ನಿಜವೇ. ಮೊದಲು ಅರ್ಧ ಗಂಟೆಗೊಮ್ಮೆ ಬರುತ್ತಿದ್ದ ಬಸ್ಸು ಈಗ ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತದೆ.

ಆದರೂ ನನ್ನ ಪ್ರಯಾಣ ಮೊದಲಿಗಿಂತ ಕಷ್ಟವಾಗಿದೆ. ಕೂಡು ನಿಲ್ದಾಣದಲ್ಲಿ ಇಳಿದು ಮತ್ತೊಮ್ಮೆ ಕಾಯಬೇಕು, ಮತ್ತೊಂದು ಟಿಕೆಟ್ ಪಡೆಯಬೇಕು. ಎರಡು ಟಿಕೆಟ್‌ಗಳಿಗೂ ಕನಿಷ್ಠ ದರ ಬೇರೆ ಬೇರೆಯಾಗಿ ಬೀಳುವುದರಿಂದ, ಕ್ರಮಿಸುವ ದೂರ ಅಷ್ಟೇ ಇದ್ದರೂ ಕೊಡುವ ಹಣ ಹೆಚ್ಚಾಗಿದೆ. ಸಾಲದ್ದಕ್ಕೆ ಕೂಡು ನಿಲ್ದಾಣವಿರುವುದು ನಮ್ಮ ದರ ವಲಯದ, ಅಂದರೆ ದರ ನಿಗದಿಗಾಗಿ ಊರನ್ನು ಹಂಚಿದ ಭಾಗದ, ಗಡಿಯಾಚೆ. ಚಿಕ್ಕ ಬಸ್ಸಿನಲ್ಲಿ ಗಡಿ ದಾಟಿದ ಮೇಲೆ ಎರಡೇ ನಿಲ್ದಾಣ ಸಾಗುತ್ತೇನೆ, ಆದರೆ ದರ ಎರಡು ವಲಯಗಳದ್ದು.

ಮಾರ್ಗ ಬದಲಾವಣೆಯೇ ಬೇಡವೆಂದು ಹಟ ಹಿಡಿಯಲು ನಾನು ಇಲ್ಲಿ ಬರೆಯುತ್ತಿಲ್ಲ. ಅಷ್ಟೇ ಬಸ್ಸುಗಳಿಂದ ಹೆಚ್ಚು ಜನರಿಗೆ ಸೇವೆ ಸಿಗುವುದಾದರೆ ಒಂದು ಕಡೆ ಇಳಿದು ಹತ್ತಲು ನಾನು ಸಿದ್ಧ. ನನ್ನ ಪ್ರಶ್ನೆ ಇಷ್ಟೇ. ಬಸ್ಸುಗಳ ಹಂಚಿಕೆ, ಮಾರ್ಗದ ವಿನ್ಯಾಸ ಮತ್ತು ದರ ಇವು ಮೂರನ್ನೂ ಮೂರು ಬೇರೆ ಮೇಜುಗಳ ಮೇಲೆ ತೀರ್ಮಾನಿಸುವುದು ಸರಿಯೇ? ಒಳಗಿನ ಕೆಲಸ ಬಲ್ಲವರು ದಯವಿಟ್ಟು ವಿವರಿಸಿ.

ವೇಳಾಪಟ್ಟಿ ವಿಭಾಗದಲ್ಲಿದ್ದವರು

ನಾನು ಬಹಳ ವರ್ಷ ಶೆಡ್ಯೂಲ್ ಬರೆಯುವ ಕೆಲಸದಲ್ಲಿದ್ದೆ. ಒಂದು ಮಾರ್ಗಕ್ಕೆ ಎಷ್ಟು ಬಸ್ಸು ಬೇಕೆಂಬುದನ್ನು ನಿರ್ಧರಿಸುವ ಲೆಕ್ಕ ಸರಳವಾದದ್ದು. ಒಂದು ಬಸ್ಸು ಹೋಗಿ, ಬಂದು, ಎರಡೂ ತುದಿಗಳಲ್ಲಿ ನಿಂತು ಮತ್ತೆ ಹೊರಡಲು ತೆಗೆದುಕೊಳ್ಳುವ ಒಟ್ಟು ಸಮಯವನ್ನು, ಬಸ್ಸಿನಿಂದ ಬಸ್ಸಿಗೆ ಇರಬೇಕಾದ ಅಂತರದಿಂದ ಭಾಗಿಸಬೇಕು. ಹೋಗಲು 50 ನಿಮಿಷ, ಬರಲು 50 ನಿಮಿಷ, ಎರಡೂ ತುದಿಗಳಲ್ಲಿ ಹತ್ತತ್ತು ನಿಮಿಷದ ಬಿಡುವು ಎಂದರೆ ಒಂದು ಸುತ್ತಿಗೆ 120 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕೆಂದರೆ 12 ಬಸ್ಸುಗಳು. ಸಂಚಾರ ದಟ್ಟಣೆಯಿಂದ ಪ್ರತಿ ದಿಕ್ಕಿನಲ್ಲೂ ಹತ್ತು ನಿಮಿಷ ಹೆಚ್ಚಾದರೆ ಅದೇ ಸೇವೆಗೆ 14 ಬಸ್ಸುಗಳು ಬೇಕು. ಹೆಚ್ಚುವರಿ ಎರಡು ಬಸ್ಸು ಸಿಗದಿದ್ದರೆ ಯಾರೂ ಯಾವ ಆದೇಶವನ್ನೂ ಹೊರಡಿಸದೆಯೇ ಅಂತರ ಹತ್ತರಿಂದ ಸುಮಾರು ಹನ್ನೆರಡು ನಿಮಿಷಕ್ಕೆ ಹೋಗಿಬಿಡುತ್ತದೆ. ಸೇವೆ ಕಡಿತವೆಂದು ಜನ ದೂರುವ ಎಷ್ಟೋ ಸಂದರ್ಭಗಳಲ್ಲಿ ನಿಜವಾಗಿ ನಡೆದಿರುವುದು ಇದು. ಡಿಪೋದಲ್ಲಿ ಬಸ್ಸುಗಳು ಅಷ್ಟೇ ಇರುತ್ತವೆ, ರಸ್ತೆ ಅವುಗಳ ಸಮಯವನ್ನು ತಿಂದಿರುತ್ತದೆ.

ಈಗ ನಿಮ್ಮ ಮಾರ್ಗಕ್ಕೆ ಬರುತ್ತೇನೆ. ಮೂರು ಬಡಾವಣೆಗಳಿಂದ ಮೂರು ಮಾರ್ಗಗಳು ಹೊರಟು ಮುಖ್ಯರಸ್ತೆಯಲ್ಲಿ ಒಂದಾಗಿ ನಗರದ ನಡುವಿಗೆ ಹೋಗುತ್ತವೆ ಎಂದುಕೊಳ್ಳಿ. ಪ್ರತಿಯೊಂದಕ್ಕೂ ಬಡಾವಣೆಯ ಭಾಗ 15 ನಿಮಿಷ, ಮುಖ್ಯರಸ್ತೆಯ ಭಾಗ 35 ನಿಮಿಷ. ಅರ್ಧ ಗಂಟೆಗೊಂದರಂತೆ ಓಡಿಸಲು ಮಾರ್ಗವೊಂದಕ್ಕೆ ನಾಲ್ಕು, ಒಟ್ಟು 12 ಬಸ್ಸುಗಳು. ಮುಖ್ಯರಸ್ತೆಯಲ್ಲಿ ನಿಂತವರಿಗೆ ಸರಾಸರಿ ಹತ್ತು ನಿಮಿಷಕ್ಕೊಂದು ಬಸ್ಸು.

ಇವನ್ನು ಪೂರ್ತಿಯಾಗಿ ತುಂಡರಿಸಿ ನೋಡೋಣ. ಬಡಾವಣೆಯ ಫೀಡರ್, ಅಂದರೆ ಜನರನ್ನು ಕೂಡು ನಿಲ್ದಾಣಕ್ಕೆ ತಂದು ಬಿಡುವ ಚಿಕ್ಕ ಬಸ್ಸಿನ ಸುತ್ತಿಗೆ, ತುದಿಗೆ ಐದು ನಿಮಿಷದ ಬಿಡುವು ಸೇರಿ 40 ನಿಮಿಷ, ಇಪ್ಪತ್ತು ನಿಮಿಷಕ್ಕೊಂದರಂತೆ ಎರಡು ಬಸ್ಸು, ಮೂರು ಬಡಾವಣೆಗೆ ಆರು. ಮುಖ್ಯರಸ್ತೆಯ ಸುತ್ತಿಗೆ ತುದಿಗೆ ಹತ್ತು ನಿಮಿಷದ ಬಿಡುವು ಸೇರಿ 90 ನಿಮಿಷ. ಉಳಿದ ಆರು ಬಸ್ಸುಗಳಿಂದ ಅಲ್ಲಿ ಹದಿನೈದು ನಿಮಿಷಕ್ಕೊಂದನ್ನು ಮಾತ್ರ ಓಡಿಸಬಹುದು. ಗಂಟೆಗೆ ಆರು ಬಸ್ಸುಗಳಿದ್ದ ಕಡೆ ಈಗ ನಾಲ್ಕು. ಬಸ್ಸುಗಳ ಸಂಖ್ಯೆ ಕಡಿಮೆಯಾಗಿಲ್ಲ, ಬಡಾವಣೆಗೆ ಟ್ರಿಪ್ ಹೆಚ್ಚಾಗಿದೆ, ಎರಡು ಮಾತುಗಳೂ ಸತ್ಯ. ಆದರೆ ಆ ಹೆಚ್ಚಳ ಎಲ್ಲಿಂದ ಬಂತೆಂಬುದನ್ನು ಪ್ರಕಟಣೆ ಹೇಳುವುದಿಲ್ಲ. ಅದು ಮುಖ್ಯರಸ್ತೆಯಿಂದ ಬಂತು. ಜೊತೆಗೆ ಕೂಡು ನಿಲ್ದಾಣದಲ್ಲಿ ಎರಡೂ ಕಡೆಯ ಬಸ್ಸುಗಳು ನಿಲ್ಲುವ ಬಿಡುವೂ ಹೊಸ ಖರ್ಚು.

ಇದಕ್ಕಿಂತ ಉತ್ತಮವಾದ ಹಂಚಿಕೆ ಒಂದಿದೆ. ಮೂರರಲ್ಲಿ ಹೆಚ್ಚು ಜನರಿರುವ ಬಡಾವಣೆಯ ಮಾರ್ಗವನ್ನು ತುಂಡರಿಸದೆ ನಗರದವರೆಗೆ ಹದಿನೈದು ನಿಮಿಷಕ್ಕೊಂದರಂತೆ ಓಡಿಸಿ. 120 ನಿಮಿಷದ ಸುತ್ತಿಗೆ ಎಂಟು ಬಸ್ಸು. ಉಳಿದೆರಡು ಬಡಾವಣೆಗಳಿಗೆ ಇಪ್ಪತ್ತು ನಿಮಿಷದ ಫೀಡರ್, ಎರಡೆರಡರಂತೆ ನಾಲ್ಕು. ಒಟ್ಟು ಅದೇ ಹನ್ನೆರಡು. ಮುಖ್ಯರಸ್ತೆಗೆ ಸಿಗುವುದು ಅದೇ ಹದಿನೈದು ನಿಮಿಷದ ಸೇವೆ, ಆದರೆ ದೊಡ್ಡ ಬಡಾವಣೆಗೆ ಇಪ್ಪತ್ತರ ಬದಲು ಹದಿನೈದು ನಿಮಿಷಕ್ಕೊಂದು ಬಸ್ಸು, ಅದೂ ಇಳಿದು ಹತ್ತುವ ತೊಂದರೆಯಿಲ್ಲದೆ. ಒಂದು ಕಡೆಯ ಬಿಡುವು ಉಳಿದದ್ದಕ್ಕೆ ಸಿಕ್ಕ ಲಾಭವಿದು. ಎಲ್ಲ ಮಾರ್ಗಗಳನ್ನೂ ಒಂದೇ ಕತ್ತರಿಯಿಂದ ಕತ್ತರಿಸುವ ಮೊದಲು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ನಿರ್ವಾಹಕ

ಬಸ್ಸಿನೊಳಗೆ ಜಗಳ ಹುಟ್ಟುವ ಜಾಗ ವಲಯದ ಗಡಿ. ವಲಯದೊಳಗೆ ಎಂಟು ಕಿಲೋಮೀಟರ್ ಬಂದವರು ಒಂದು ವಲಯದ ದರ ಕೊಡುತ್ತಾರೆ, ಗಡಿಯ ಹಿಂದಿನ ನಿಲ್ದಾಣದಲ್ಲಿ ಹತ್ತಿ ಮುಂದಿನ ನಿಲ್ದಾಣದಲ್ಲಿ ಇಳಿಯುವ ವೃದ್ಧರು ಎರಡು ವಲಯಗಳ ದರ ಕೊಡುತ್ತಾರೆ. ನಿಯಮ ಹೀಗಿದೆಯೆಂದು ದಿನಕ್ಕೆ ಹತ್ತಾರು ಬಾರಿ ಹೇಳುವುದು ನನ್ನ ಪಾಲಿನ ಕೆಲಸ. ಎಷ್ಟೋ ಜನ ಗಡಿಗೆ ಮೊದಲೇ ಇಳಿದು ನಡೆದುಹೋಗುತ್ತಾರೆ. ಆದ್ದರಿಂದ ಗಡಿಯ ಹಿಂದಿನ ನಿಲ್ದಾಣದಲ್ಲಿ ಇಳಿಯುವವರ ಸಂಖ್ಯೆ ಹೆಚ್ಚಾಗಿ ಕಾಣುತ್ತದೆ, ಯೋಜನೆ ಮಾಡುವವರು ಆ ಅಂಕಿಗಳನ್ನು ನೋಡಿ ಜನರಿಗೆ ಬೇಕಾಗಿರುವ ಜಾಗ ಅದೇ ಎಂದು ತಿಳಿಯುತ್ತಾರೆ. ದರದ ಗೆರೆ ಪ್ರಯಾಣದ ಅಂಕಿಅಂಶವನ್ನೇ ತಿರುಚುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಡಿಯ ನಿಲ್ದಾಣಗಳನ್ನು ಎರಡೂ ವಲಯಗಳಿಗೆ ಸೇರಿಸಿದರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಒಳಗಿನಿಂದ ಬಂದವರಿಗೆ ಅದು ಒಳವಲಯ, ಹೊರಗಿನಿಂದ ಬಂದವರಿಗೆ ಹೊರವಲಯ. ಲಂಡನ್ನಿನ ರೈಲು ವ್ಯವಸ್ಥೆಯಲ್ಲಿ ಇಂತಹ ನಿಲ್ದಾಣಗಳು ಹಲವು ಇವೆ. ಮೂರನೆಯ ವಲಯದಲ್ಲಿದ್ದ ಸ್ಟ್ರಾಟ್‌ಫೋರ್ಡ್ ನಿಲ್ದಾಣವನ್ನು 2016ರಲ್ಲಿ ಎರಡು ಮತ್ತು ಮೂರು ಈ ಎರಡೂ ವಲಯಗಳಿಗೆ ಸೇರಿಸಿದರು. ನಿಮ್ಮ ಕೂಡು ನಿಲ್ದಾಣಕ್ಕೂ ಹಾಗೆಯೇ ಮಾಡಬಹುದು. ಅದಕ್ಕೆ ಹೊಸ ಬಸ್ಸೇನೂ ಬೇಕಿಲ್ಲ.

ಹೊರವಲಯದ ನಿವಾಸಿ

ವಲಯದ ಗೆರೆಯನ್ನು ಅತ್ತಿತ್ತ ಸರಿಸುವುದರಿಂದ ನನ್ನಂಥವರ ಕಷ್ಟ ತೀರುವುದಿಲ್ಲ. ಮನೆ ಬಾಡಿಗೆ ಕೈಗೆಟುಕದೆ ನಗರದ ಅಂಚಿಗೆ ಬಂದವರು ನಾವು. ದೂರ ಹೆಚ್ಚಾದಷ್ಟೂ ದರ ಹೆಚ್ಚಬೇಕೆಂಬುದು ಕೇಳಲು ನ್ಯಾಯವಾಗಿದೆ. ಆದರೆ ಬಹಳ ದೂರ ಪ್ರಯಾಣ ಮಾಡುವವರಲ್ಲಿ ಅನೇಕರು ಅತ್ಯಂತ ಕಡಿಮೆ ಸಂಪಾದನೆಯವರು. ಎಲ್ಲರಿಗೂ ಒಂದೇ ದರವಿದ್ದರೆ ನಮಗೆ ಅನುಕೂಲ. ಲಂಡನ್ನಿನ ಉದಾಹರಣೆ ಕೊಟ್ಟಿದ್ದೀರಿ, ಅಲ್ಲಿಯೂ ವಲಯಗಳಿರುವುದು ರೈಲಿಗೆ. ಬಸ್ಸಿನಲ್ಲಿ ಎಷ್ಟು ದೂರ ಹೋದರೂ ಒಂದೇ ದರ.

ಒಂದೇ ದರದಿಂದ ಎರಡು ನಿಲ್ದಾಣ ಹೋಗುವವರಿಗೆ ಹೊರೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಅವರು ಬಸ್ಸು ಬಿಟ್ಟು ನಡೆಯುತ್ತಾರೆ ಅಥವಾ ಸ್ವಂತ ವಾಹನ ಹಿಡಿಯುತ್ತಾರೆ. ಹಾಗಾಗಿ ಚಿಕ್ಕ ದೂರಕ್ಕೆ ಒಂದು ಕಡಿಮೆ ದರ, ಉಳಿದೆಲ್ಲಕ್ಕೂ ಒಂದು ಮಿತಿ, ದಿನಕ್ಕೆ ಮತ್ತು ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಯಾರಿಂದಲೂ ಪಡೆಯಬಾರದೆಂಬ ಮೇಲ್ಮಿತಿ ಇದ್ದರೆ ಇಬ್ಬರಿಗೂ ನ್ಯಾಯ ಸಿಗಬಹುದು. ತಿಂಗಳ ಪಾಸಿನಲ್ಲಿ ಈ ಅನುಕೂಲ ಈಗಲೂ ಇದೆಯಲ್ಲ ಎನ್ನಬೇಡಿ. ತಿಂಗಳ ಮೊದಲ ದಿನವೇ ಪೂರ್ತಿ ಹಣ ಕಟ್ಟಲು ಆಗದವರು ಪ್ರತಿದಿನ ಬಿಡಿ ಟಿಕೆಟ್ ಕೊಂಡು ಕೊನೆಗೆ ಪಾಸಿನವರಿಗಿಂತ ಹೆಚ್ಚು ಕೊಟ್ಟಿರುತ್ತಾರೆ.

ಗಣಿತ ಶಿಕ್ಷಕಿ

ಕಾಯುವಿಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹತ್ತು ನಿಮಿಷಕ್ಕೊಂದು ಬಸ್ಸು ಸರಿಯಾಗಿ ಬಂದರೆ, ವೇಳೆ ನೋಡದೆ ನಿಲ್ದಾಣಕ್ಕೆ ಬರುವವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅವೇ ಬಸ್ಸುಗಳು ಎರಡೆರಡಾಗಿ ಅಂಟಿಕೊಂಡು, ಒಮ್ಮೆ ಎರಡು ನಿಮಿಷ, ಮತ್ತೊಮ್ಮೆ ಹದಿನೆಂಟು ನಿಮಿಷದ ಅಂತರದಲ್ಲಿ ಬಂದರೆ ಸರಾಸರಿ ಅಂತರ ಕಾಗದದ ಮೇಲೆ ಹತ್ತೇ ಇರುತ್ತದೆ, ಆದರೆ ಸರಾಸರಿ ಕಾಯುವಿಕೆ 8.2 ನಿಮಿಷಕ್ಕೆ ಏರುತ್ತದೆ. ಹೆಚ್ಚಿನ ಜನ ಆ ಹದಿನೆಂಟು ನಿಮಿಷದ ಸಂದಿನಲ್ಲೇ ಬಂದು ನಿಲ್ಲುವುದರಿಂದ ಹೀಗಾಗುತ್ತದೆ. ಮೊದಲ ಬಸ್ಸು ತುಂಬಿ ತುಳುಕಿ ಮತ್ತಷ್ಟು ತಡವಾಗುತ್ತದೆ, ಹಿಂದಿನದು ಖಾಲಿಯಾಗಿ ಅದರ ಬೆನ್ನಿಗೆ ಬಂದು ನಿಲ್ಲುತ್ತದೆ.

ತುದಿಯ ಬಿಡುವನ್ನು ಖರ್ಚೆಂದು ಮೇಲೆ ಬರೆದಿದ್ದಾರೆ. ಲೆಕ್ಕದಲ್ಲಿ ಅದು ನಿಜ. ಆದರೆ ಆ ಬಿಡುವನ್ನು ಪೂರ್ತಿ ಕಿತ್ತುಕೊಂಡು ಒಂದು ಬಸ್ಸು ಉಳಿಸಿದೆವೆಂದು ತಿಳಿದರೆ, ಒಂದು ಟ್ರಿಪ್ಪಿನ ತಡ ಮುಂದಿನ ಟ್ರಿಪ್ಪಿಗೆ ದಾಟಿ ಇಡೀ ದಿನ ಬೆಳೆಯುತ್ತ ಹೋಗುತ್ತದೆ. ಚಾಲಕರಿಗೂ ನೀರು ಕುಡಿಯಲು ಸಮಯ ಬೇಕು.

ವೇಳಾಪಟ್ಟಿ ವಿಭಾಗದಲ್ಲಿದ್ದವರು

ಬಿಡುವಿನ ಬಗ್ಗೆ ಹೇಳಿದ್ದು ಸರಿಯಾಗಿದೆ, ನಾನು ಅದನ್ನು ಅಳಿಸಬೇಕೆಂದು ಹೇಳಲಿಲ್ಲ. ಅನಗತ್ಯವಾಗಿ ಎರಡು ಪಾಲು ಮಾಡಬಾರದು ಎಂದೆ.

ಈಗ ಮೂಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಮೂರನ್ನೂ ಒಂದೇ ಮೇಜಿನ ಮೇಲೆ ತೀರ್ಮಾನಿಸಬೇಕು, ಅದರಲ್ಲೂ ದರ ಮೊದಲು ಬರಬೇಕು. ಕಾರಣ ಹೀಗಿದೆ. ಇಳಿದು ಹತ್ತುವ ವ್ಯವಸ್ಥೆಯ ಹಿಂದಿರುವ ತರ್ಕ ಬಲವಾದದ್ದು. ಸೇವೆ ಹೆಚ್ಚಾದಂತೆ ಪ್ರತಿಯೊಬ್ಬರ ಕಾಯುವಿಕೆ ಕಡಿಮೆಯಾಗುತ್ತದೆ, ಆದ್ದರಿಂದ ಇನ್ನಷ್ಟು ಜನ ಬರುತ್ತಾರೆ, ಆಗ ಇನ್ನಷ್ಟು ಬಸ್ಸು ಓಡಿಸಲು ಸಾಧ್ಯವಾಗುತ್ತದೆ. ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲಿ ಇದನ್ನು ಲೆಕ್ಕದ ಮೂಲಕ ತೋರಿಸಿದರು. ಬಾರ್ಸಿಲೋನಾ ನಗರ 2012ರಿಂದ 2018ರವರೆಗೆ ಹಂತಹಂತವಾಗಿ ತನ್ನ ಬಸ್ ಜಾಲವನ್ನು ಅಡ್ಡ, ಉದ್ದ ಮತ್ತು ಓರೆಯ 28 ಮಾರ್ಗಗಳ ಸುತ್ತ ಮರುಕಟ್ಟಿದ್ದು ಇದೇ ನಂಬಿಕೆಯಿಂದ. ಆದರೆ ಬದಲಿಸಿದಾಗಲೆಲ್ಲ ಹೊಸ ಟಿಕೆಟ್ ಕೊಳ್ಳಬೇಕಾದರೆ ಆ ತರ್ಕ ಪ್ರಯಾಣಿಕರ ಜೇಬಿನ ಬಳಿ ಬಂದು ಮುರಿದುಬೀಳುತ್ತದೆ. ಸಮಯ ಉಳಿಯುವುದು ಜಾಲಕ್ಕೆ, ಹಣ ಹೋಗುವುದು ಪ್ರಯಾಣಿಕರಿಗೆ.

ಸಿಯೋಲ್ ನಗರ 2004ರ ಜುಲೈ 1ರಂದು ಮಾಡಿದ ಕೆಲಸವನ್ನು ನಾನು ಈ ವಿಷಯದಲ್ಲಿ ಪಾಠವೆಂದು ನೋಡುತ್ತೇನೆ. ಮಾರ್ಗಗಳನ್ನೆಲ್ಲ ಮರುಜೋಡಿಸಿ, ದೂರದ ಮುಖ್ಯ ಮಾರ್ಗಕ್ಕೆ ನೀಲಿ, ಬಡಾವಣೆಯ ಫೀಡರ್‌ಗೆ ಹಸಿರು, ಹೊರ ಊರುಗಳಿಗೆ ಕೆಂಪು, ನಗರದ ನಡುವಿನ ಸುತ್ತು ಮಾರ್ಗಕ್ಕೆ ಹಳದಿ ಎಂದು ಬಣ್ಣ ಕೊಟ್ಟರು. ಅದೇ ದಿನ ಹೊಸ ಕಾರ್ಡನ್ನೂ ತಂದರು. ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ಮೆಟ್ರೋಗೆ ಬದಲಿಸಿದರೂ ಒಟ್ಟು ದೂರಕ್ಕೆ ಮಾತ್ರ ದರ. ಮೊದಲ ದಿನಗಳಲ್ಲಿ ಕಾರ್ಡ್ ಯಂತ್ರಗಳು ಕೈಕೊಟ್ಟು, ಬಸ್ಸುಗಳು ಸಾಲುಗಟ್ಟಿ ನಿಂತು ಜನ ಕೋಪಗೊಂಡರು, ಮೇಯರ್ ಕ್ಷಮೆ ಕೇಳಬೇಕಾಯಿತು. ಆದರೂ ಆ ವ್ಯವಸ್ಥೆ ನಿಂತಿತು. ಇಳಿದು ಹತ್ತುವವರಿಗೆ ದಂಡ ಹಾಕದಿದ್ದುದು ಅದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಸಿಂಗಪುರ 2010ರಲ್ಲಿ ಬದಲಾವಣೆಯ ದಂಡವಿಲ್ಲದ ದೂರದ ದರಕ್ಕೆ ಬಂತು. ಲಂಡನ್ 2016ರಲ್ಲಿ ಒಂದು ಗಂಟೆಯೊಳಗೆ ಎರಡನೆಯ ಬಸ್ಸನ್ನು ಉಚಿತ ಮಾಡಿ, 2018ರಲ್ಲಿ ಆ ಗಂಟೆಯೊಳಗೆ ಎಷ್ಟು ಬಸ್ಸಾದರೂ ಹತ್ತಬಹುದೆಂದು ವಿಸ್ತರಿಸಿತು.

ಸಿಯೋಲ್‌ನಲ್ಲಿ ಕಡಿಮೆ ಚರ್ಚೆಯಾದ, ಆದರೆ ನನಗೆ ಹೆಚ್ಚು ಮುಖ್ಯವೆನಿಸುವ ಮತ್ತೊಂದು ಬದಲಾವಣೆ ಆಯಿತು. ಬಸ್ ಕಂಪನಿಗಳಿಗೆ ಟಿಕೆಟ್ ಗಳಿಕೆಯ ಬದಲು ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಹಣ ಕೊಡಲಾರಂಭಿಸಿದರು. ನಮ್ಮ ವಿಭಾಗದಲ್ಲಿ ಪ್ರತಿ ಮಾರ್ಗವನ್ನೂ ಕಿಲೋಮೀಟರಿಗೆ ಎಷ್ಟು ಗಳಿಸಿತೆಂದು ಅಳೆಯುತ್ತಿದ್ದೆವು. ಆ ಅಳತೆಗೋಲಿನಿಂದ ನೋಡಿದರೆ ಫೀಡರ್ ಯಾವಾಗಲೂ ನಷ್ಟದ ಮಾರ್ಗ. ಏಕೆಂದರೆ ಅದು ತುಂಬಿ ತಂದ ಪ್ರಯಾಣಿಕರ ಹಣ ಮುಖ್ಯ ಮಾರ್ಗದ ಖಾತೆಗೆ ಹೋಗಿರುತ್ತದೆ. ನಷ್ಟವೆಂದು ಫೀಡರಿನ ಒಂದು ಬಸ್ಸು ಕಿತ್ತರೆ ಮುಂದಿನ ವರ್ಷ ಮುಖ್ಯ ಮಾರ್ಗದ ಗಳಿಕೆಯೂ ಇಳಿಯುತ್ತದೆ, ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇಂತಹ ಒಂದು ಕಡಿತಕ್ಕೆ ನಾನೂ ಸಹಿ ಹಾಕಿದ್ದೇನೆ. ಆ ಬಡಾವಣೆಯವರಿಗೆ ಆದ ಅನ್ಯಾಯ ಇಂದಿಗೂ ನನ್ನನ್ನು ಬಾಧಿಸುತ್ತದೆ.

ಗಾಲಿಕುರ್ಚಿ ಬಳಸುವ ಪ್ರಯಾಣಿಕರು

ಇಳಿದು ಹತ್ತುವುದನ್ನು ಎಲ್ಲರೂ ನಿಮಿಷಗಳಲ್ಲಿ ಎಣಿಸುತ್ತಿದ್ದೀರಿ. ನನಗೆ ಅದು ನಿಮಿಷಗಳ ಪ್ರಶ್ನೆಯಲ್ಲ. ನನ್ನ ಬಡಾವಣೆಗೆ ಮೊದಲು ಬರುತ್ತಿದ್ದುದು ತಗ್ಗು ನೆಲದ ದೊಡ್ಡ ಬಸ್ಸು. ಮಾರ್ಗ ತುಂಡಾದಾಗ ಅದು ಮುಖ್ಯರಸ್ತೆಗೆ ಹೋಯಿತು, ಫೀಡರ್‌ಗೆ ಮೆಟ್ಟಿಲುಗಳಿರುವ ಹಳೆಯ ಚಿಕ್ಕ ಬಸ್ಸು ಬಂತು. ಮುಖ್ಯರಸ್ತೆಯಲ್ಲಿ ನನಗೆ ಹತ್ತಲು ಬರುವ ಬಸ್ಸು ಇದೆ, ಆದರೆ ಅದರ ಬಳಿಗೆ ತಲುಪಲು ಇಲ್ಲ. ಯಾವ ಮಾರ್ಗಕ್ಕೆ ಎಷ್ಟು ಬಸ್ಸು ಎಂಬುದರ ಜೊತೆಗೆ ಯಾವ ಬಗೆಯ ಬಸ್ಸು ಎಂಬುದೂ ಹಂಚಿಕೆಯ ಭಾಗವೇ. ತಗ್ಗು ನೆಲದ ಬಸ್ಸುಗಳು ಕಡಿಮೆ ಇದ್ದರೆ, ಕನಿಷ್ಠ ಗೊತ್ತಾದ ಟ್ರಿಪ್‌ಗಳಿಗೆ ಅವನ್ನು ಮೀಸಲಿಟ್ಟು ಆ ವೇಳೆಯನ್ನು ನಿಲ್ದಾಣದಲ್ಲಿ ಬರೆದು ಹಾಕಲಿ.

ನಿರ್ವಾಹಕ

ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಇನ್ನೊಂದು ವಿಷಯ, ಬೆಳಗಿನ ಎರಡು ಗಂಟೆ ಮತ್ತು ಸಂಜೆಯ ಎರಡು ಗಂಟೆಗಳಿಗಾಗಿಯೇ ಕೊಳ್ಳುವ ಬಸ್ಸುಗಳು ಉಳಿದ ಹೊತ್ತು ಡಿಪೋದಲ್ಲಿ ನಿಂತಿರುತ್ತವೆ, ಅವುಗಳ ಸಿಬ್ಬಂದಿಯ ದಿನ ಎರಡು ಹೋಳಾಗುತ್ತದೆ. ಶಾಲೆಗಳ ವೇಳೆಯನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿದರೆ ಒಂದೇ ಬಸ್ಸು ಎರಡು ಶಾಲೆಗಳಿಗೆ ಹೋಗಿ ಬರಬಹುದು. ಡಿಪೋ ದೂರವಿದ್ದರೆ ಮೊದಲ ಟ್ರಿಪ್ಪಿಗೆ ಮುನ್ನ ಖಾಲಿ ಓಡುವ ದೂರವೂ ಸಣ್ಣದಲ್ಲ. ಹೊಸ ಬಸ್ಸು ಕೇಳುವ ಮೊದಲು ಇವನ್ನು ನೋಡಬೇಕು.

ಹೊರವಲಯದ ನಿವಾಸಿ

ಹೊಸ ಬಸ್ಸು ಬೇಡವೆಂಬ ಅರ್ಥ ಇದಕ್ಕೆ ಬಾರದಿರಲಿ. ಹ್ಯೂಸ್ಟನ್ ನಗರ 2015ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯಲ್ಲಿ ಬಸ್ ಜಾಲವನ್ನೆಲ್ಲ ಬದಲಿಸುವ ಮೊದಲು ಅಲ್ಲಿನ ಸಾರಿಗೆ ಮಂಡಳಿ ಒಂದು ಮಾತನ್ನು ಬಹಿರಂಗವಾಗಿ ತೀರ್ಮಾನಿಸಿತ್ತು. ಸಂಪನ್ಮೂಲದ ಶೇ 80ರಷ್ಟು ಹೆಚ್ಚು ಜನ ಹತ್ತುವ ಕಡೆಗೆ, ಶೇ 20ರಷ್ಟು ಜನ ಕಡಿಮೆಯಿದ್ದರೂ ಬಸ್ಸು ತಲುಪಲೇಬೇಕಾದ ಕಡೆಗೆ. ಆ ಪ್ರಮಾಣ ಸರಿಯೋ ತಪ್ಪೋ, ಅದನ್ನು ಜನರ ಮುಂದೆ ಇಟ್ಟರಲ್ಲ, ಅದು ನನಗೆ ಮೆಚ್ಚುಗೆಯಾಯಿತು. ನಮ್ಮ ಬಡಾವಣೆ ಯಾವ ಪಾಲಿನಲ್ಲಿದೆ ಎಂದು ನಮಗೆ ಯಾರೂ ಹೇಳಿಲ್ಲ. ಗಳಿಕೆ ಕಡಿಮೆಯೆಂಬ ಒಂದೇ ಕಾರಣಕ್ಕೆ ತಲುಪಿಸಲೇಬೇಕಾದ ಪಾಲಿನಿಂದ ಬಸ್ಸು ತೆಗೆಯುವಂತಿಲ್ಲ ಎಂದು ಮೊದಲು ಬರೆದುಕೊಟ್ಟರೆ, ಉಳಿದ ಚರ್ಚೆಗೆ ನಾನು ಸಿದ್ಧ.

ನಿತ್ಯ ಪ್ರಯಾಣಿಕ

ಎಲ್ಲರಿಗೂ ಧನ್ಯವಾದಗಳು. ನನ್ನ ದೂರು ಒಂದು ಟಿಕೆಟ್ಟಿನದ್ದೆಂದು ತಿಳಿದು ಬರೆದಿದ್ದೆ, ಅದರ ಬೇರು ಎಷ್ಟು ಆಳಕ್ಕೆ ಹೋಗಿದೆಯೆಂದು ಈಗ ಕಾಣುತ್ತಿದೆ. ಮುಂದಿನ ಸಾರ್ವಜನಿಕ ಅಹವಾಲು ಸಭೆಗೆ ಬಡಾವಣೆಯವರೆಲ್ಲ ಸೇರಿ ಒಂದು ಮನವಿ ಕೊಡಲು ನಿರ್ಧರಿಸಿದ್ದೇವೆ. ಮೊದಲ ಬೇಡಿಕೆ, ಹೊಸ ಮಾರ್ಗಗಳು ಉಳಿಯಬೇಕಾದರೆ ಫೀಡರ್ ಮತ್ತು ಮುಖ್ಯ ಬಸ್ಸಿಗೆ ಒಂದೇ ಟಿಕೆಟ್ ಆಗಬೇಕು, ಅದು ಜಾರಿಯಾಗುವವರೆಗೆ ಹಳೆಯ ನೇರ ಮಾರ್ಗದ ಬೆಳಗಿನ ಮತ್ತು ಸಂಜೆಯ ಟ್ರಿಪ್‌ಗಳನ್ನು ಮರಳಿಸಬೇಕು. ಕೂಡು ನಿಲ್ದಾಣವನ್ನು ಎರಡೂ ವಲಯಗಳಿಗೆ ಸೇರಿಸಬೇಕೆಂಬುದು ಎರಡನೆಯದು. ಮೂರರಲ್ಲಿ ಒಂದು ಮಾರ್ಗವನ್ನು ನೇರವಾಗಿ ಓಡಿಸುವ ಹನ್ನೆರಡು ಬಸ್ಸಿನ ಲೆಕ್ಕವನ್ನು ಹಾಗೆಯೇ ಲಗತ್ತಿಸುತ್ತೇನೆ, ಆ ನೇರ ಮಾರ್ಗ ನಮ್ಮ ಬಡಾವಣೆಯದ್ದೇ ಆಗಬೇಕೆಂದು ಕೇಳುವುದಿಲ್ಲ. ಫೀಡರಿನಲ್ಲಿ ತಗ್ಗು ನೆಲದ ಟ್ರಿಪ್‌ಗಳ ಬೇಡಿಕೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ಇಲ್ಲಿ ಓದಿದ ಮೇಲೆ ಸೇರಿಸಿದ್ದೇವೆ. ಸಭೆಗೆ ಮೊದಲು ಒಂದು ವಾರ ಕೂಡು ನಿಲ್ದಾಣದಲ್ಲಿ ಕುಳಿತು, ಎಷ್ಟು ಜನ ಬದಲಿಸುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ ಎಂದು ಸರದಿಯ ಮೇಲೆ ಬರೆದುಕೊಳ್ಳುತ್ತೇವೆ.

ವೇಳಾಪಟ್ಟಿ ವಿಭಾಗದಲ್ಲಿದ್ದವರು

ಬರೆದುಕೊಳ್ಳುವಾಗ ರಾತ್ರಿಯ ಕೊನೆಯ ಬಸ್ಸಿಗೆ ಒಂದು ಹಾಳೆ ಪ್ರತ್ಯೇಕವಾಗಿಡಿ. ಹಗಲಿನಲ್ಲಿ ಒಂದು ಜೋಡಣೆ ತಪ್ಪಿದರೆ ಇಪ್ಪತ್ತು ನಿಮಿಷ ಹೋಗುತ್ತದೆ, ರಾತ್ರಿ ತಪ್ಪಿದರೆ ಮನೆಗೆ ಹೋಗುವ ದಾರಿಯೇ ಇರುವುದಿಲ್ಲ. ಮುಖ್ಯ ಬಸ್ಸು ಬಂದು ನಿಂತು ಪ್ರಯಾಣಿಕರು ಇಳಿದ ನಂತರವೇ ಕೊನೆಯ ಫೀಡರ್ ಹೊರಡಬೇಕೆಂಬ ಸೂಚನೆಯನ್ನು ಶೆಡ್ಯೂಲಿನ ಹಾಳೆಯಲ್ಲೇ ಬರೆಯಲು ಅವಕಾಶವಿದೆ. ಬರೆಯದಿದ್ದರೆ ವೇಳೆಗೆ ಸರಿಯಾಗಿ ಹೊರಟ ಚಾಲಕರನ್ನು ದೂರುವಂತಿಲ್ಲ. ಆ ಸಾಲನ್ನು ನಿಮ್ಮ ಮನವಿಯಲ್ಲಿ ಕೇಳಿ.